ಪ್ರೋಗ್ರಾಮಿಂಗ್ ಭಾಷೆಗೆ ನೆಟ್‌ವರ್ಕ್ ಕಲಿಸುವುದೆಂದರೆ

ಮಲೆನಾಡಿನ ತೋಟದ ಮನೆಗಳಲ್ಲಿ ಸಂಜೆಯ ಹೊತ್ತಿಗೆ ತಪ್ಪದೆ ವಿಚಾರಿಸುವ ಸುದ್ದಿಯೆಂದರೆ ಶಿವಮೊಗ್ಗದ ಅಡಿಕೆ ಧಾರಣೆ. ರಾಶಿ ಎಷ್ಟು, ಬೆಟ್ಟೆ ಎಷ್ಟು, ಗೊರಬಲು ಎಷ್ಟು, ಸರಕು ಎಷ್ಟು: ಅಡಿಕೆಯ ನಾಲ್ಕು ಬಗೆ, ನಾಲ್ಕೇ ಸಾಲು. ಈ ನಾಲ್ಕು ಸಾಲನ್ನು ಶಿವಮೊಗ್ಗದ ಒಂದು ಸರ್ವರ್‌ನಿಂದ ತರಿಸಿ, ಹೊಸನಗರದ ಮನೆಯೊಂದರ ಕಂಪ್ಯೂಟರ್ ಪರದೆಯ ಮೇಲೆ ತೋರಿಸುವ ಪ್ರೋಗ್ರಾಂ ಬರೆಯಬೇಕು ಎಂದುಕೊಳ್ಳಿ. ಪೈಥಾನ್, ಗೋ, ರಸ್ಟ್, ಹೀಗೆ ಯಾವ ಮುಕ್ತ ತಂತ್ರಾಂಶ ಭಾಷೆಯನ್ನು ಹಿಡಿದರೂ ಮುಖ್ಯ ಕೆಲಸ ಮೂರು ಸಾಲಿನಲ್ಲಿ ಮುಗಿಯುತ್ತದೆ. ಇಂಥ ಹೆಸರಿನ ಯಂತ್ರದ ಇಂಥ ಪೋರ್ಟಿಗೆ (ಯಂತ್ರದೊಳಗಿನ ಒಂದೊಂದು ಸೇವೆಯ ಬಾಗಿಲಿನ ಸಂಖ್ಯೆಗೆ) ಸಂಪರ್ಕಿಸು, ಬಂದದ್ದನ್ನು ಓದು, ಮುಚ್ಚು. ಆ ಮೂರು ಸಾಲು ಅಷ್ಟು ಚಿಕ್ಕದಾಗಿರುವುದು, ಉಳಿದ ಪ್ರಶ್ನೆಗಳಿಗೆಲ್ಲ ಯಾರೋ ನಮ್ಮ ಪರವಾಗಿ ಮೊದಲೇ ಉತ್ತರ ಹೇಳಿಟ್ಟಿರುವುದರಿಂದ. ಆ ಪ್ರಶ್ನೆಗಳು ಯಾವುವು, ಅವುಗಳ ಉತ್ತರ ಎಲ್ಲಿ ಚೆನ್ನಾಗಿದೆ, ಎಲ್ಲಿ ನಮ್ಮ ಗುಡ್ಡಗಾಡಿನ ಸಿಗ್ನಲ್ಲಿಗೆ ಸಾಲದಾಗುತ್ತದೆ ಎಂಬುದನ್ನು ಬಿಡಿಸಿ ಹೇಳುವುದು ಈ ಲೇಖನದ ಉದ್ದೇಶ.

ಬೈಟುಗಳನ್ನು ತಂತಿಯ ಮೇಲೆ, ಗಾಳಿಯ ಮೇಲೆ ಸಾಗಿಸುವುದು ಭಾಷೆಯ ಕೆಲಸವಲ್ಲ. ಅದನ್ನು ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಮಾಡುತ್ತದೆ. ಕಳೆದುಹೋದ ಪೊಟ್ಟಣವನ್ನು (ಒಟ್ಟಿಗೆ ಸಾಗುವ ಬೈಟುಗಳ ಗುಂಪನ್ನು) ಮತ್ತೆ ಕಳಿಸುವುದು, ಹಿಂದುಮುಂದಾಗಿ ಬಂದವನ್ನು ಸಾಲಿಗೆ ಜೋಡಿಸುವುದು, ದಾರಿ ಕಿಕ್ಕಿರಿದಾಗ ವೇಗ ತಗ್ಗಿಸುವುದು ಎಲ್ಲವೂ ಕರ್ನಲ್‌ನೊಳಗಿನ ಟಿಸಿಪಿ ಎಂಬ ಸಾಗಣೆಯ ನಿಯಮಾವಳಿಯ ಹೊಣೆ. 1983ರ ಜನವರಿ 1ರಂದು ಇಂಟರ್ನೆಟ್ಟಿನ ಪೂರ್ವಜವಾದ ಅರ್ಪಾನೆಟ್ ಜಾಲವು ಟಿಸಿಪಿ ಮತ್ತು ಐಪಿ (ವಿಳಾಸ ನೋಡಿ ಪೊಟ್ಟಣ ಸಾಗಿಸುವ ನಿಯಮ) ಜೋಡಿಗೆ ಬದಲಾಯಿತು. ಅದೇ ವರ್ಷ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಬಂದ 4.2 ಬಿಎಸ್‌ಡಿ ಯುನಿಕ್ಸ್‌ನಲ್ಲಿ ಪ್ರೋಗ್ರಾಮಿಗೂ ಜಾಲಕ್ಕೂ ನಡುವಿನ ಕೊಂಡಿಯಾದ ‘ಸಾಕೆಟ್’ ಎಂಬ ಏರ್ಪಾಡು ಸೇರಿಕೊಂಡಿತು. ಸಾಕೆಟ್, ಬೈಂಡ್, ಲಿಸನ್, ಅಕ್ಸೆಪ್ಟ್, ಕನೆಕ್ಟ್, ಸೆಂಡ್, ರಿಸೀವ್ ಎಂಬ ಬೆರಳೆಣಿಕೆಯ ಕರೆಗಳು. ನಾಲ್ಕು ದಶಕ ಕಳೆದರೂ ಲಿನಕ್ಸ್, ಮ್ಯಾಕ್, ವಿಂಡೋಸ್ ಎಲ್ಲವೂ ಹೆಚ್ಚೂಕಡಿಮೆ ಅದೇ ಕರೆಗಳನ್ನು ಉಳಿಸಿಕೊಂಡಿವೆ. ಭಾಷೆಗೆ ನೆಟ್‌ವರ್ಕ್ ಸೇರಿಸುವವರು ಮೊದಲು ಮಾಡುವುದು ಈ ಕರೆಗಳ ಮೇಲೆ ತಮ್ಮ ಭಾಷೆಯ ಹೊದಿಕೆ ಹಾಸುವ ಕೆಲಸ.

ಹೊದಿಕೆ ಎಂದರೆ ಸುಲಭ ಎನ್ನಿಸಬಹುದು. ಒಂದು ಉದಾಹರಣೆ ನೋಡಿ. ಸರ್ವರ್ ಯಂತ್ರ ಎದ್ದಿದೆ, ಆದರೆ ಆ ಪೋರ್ಟಿನಲ್ಲಿ ಯಾವ ಪ್ರೋಗ್ರಾಮೂ ಕೇಳಿಸಿಕೊಳ್ಳುತ್ತಿಲ್ಲ. ಆಗ ಕರ್ನಲ್ ‘ಸಂಪರ್ಕ ನಿರಾಕರಿಸಲಾಗಿದೆ’ ಎಂಬ ದೋಷವನ್ನು ಒಂದು ಸಂಖ್ಯೆಯಾಗಿ ಕೊಡುತ್ತದೆ. ಲಿನಕ್ಸ್‌ನಲ್ಲಿ ಆ ಸಂಖ್ಯೆ 111, ಮ್ಯಾಕ್‌ನಲ್ಲಿ 61, ವಿಂಡೋಸ್‌ನಲ್ಲಿ 10061. ಪ್ರೋಗ್ರಾಂ ಬರೆಯುವವರು ಇವನ್ನೆಲ್ಲ ಬಾಯಿಪಾಠ ಮಾಡಬೇಕೆ? ಪೈಥಾನ್ 2012ರಲ್ಲಿ, 3.3ನೆಯ ಆವೃತ್ತಿಯಿಂದ, ಇದಕ್ಕೊಂದು ಪ್ರತ್ಯೇಕ ಹೆಸರಿನ ದೋಷವನ್ನೇ ಕೊಟ್ಟಿತು. ಎಲ್ಲ ವ್ಯವಸ್ಥೆಗಳಲ್ಲೂ ಅದೇ ಹೆಸರು. ಕೇಳಲು ಸಣ್ಣ ಬದಲಾವಣೆ. ಆದರೆ ನಮ್ಮ ಧಾರಣೆ ಪ್ರೋಗ್ರಾಮಿಗೆ ಇದು ಬಹಳ ಮುಖ್ಯ. ಏಕೆಂದರೆ ‘ನಿರಾಕರಣೆ’ ಒಂದು ಉತ್ತರ. ದಾರಿ ಸರಿಯಿದೆ, ಆ ತುದಿಯ ಯಂತ್ರ ಬದುಕಿದೆ, ಸೇವೆ ಮಾತ್ರ ನಿಂತಿದೆ ಎಂದು ತಕ್ಷಣ ತಿಳಿಯುತ್ತದೆ. ಬೆಳೆಗಾರರಿಗೆ ‘ಸರ್ವರ್ ಸದ್ಯ ನಿಂತಿದೆ, ಆಮೇಲೆ ನೋಡಿ’ ಎಂದು ಹೇಳಬಹುದು.

ಉತ್ತರವೇ ಬಾರದಿದ್ದರೆ? ಇದು ಬೇರೆಯದೇ ಕಷ್ಟ, ಮತ್ತು ಇಲ್ಲಿಯೇ ಭಾಷೆಯ ನಿಜವಾದ ಕೆಲಸ ಶುರುವಾಗುತ್ತದೆ. ಆಷಾಢದ ಮಳೆಯಲ್ಲಿ ಕರೆಂಟು ಹೋಗಿ, ಗುಡ್ಡದ ಮೇಲಿನ ಟವರ್‌ನ ಬ್ಯಾಟರಿ ಖಾಲಿಯಾಗಿ, ಸಿಗ್ನಲ್ ಸದ್ದಿಲ್ಲದೆ ಮಾಯವಾಗುವುದು ನಮಗೆ ಹೊಸದಲ್ಲ. ಹಾಗೆ ಮಾಯವಾದಾಗ ‘ನಾನು ಹೋಗುತ್ತಿದ್ದೇನೆ’ ಎಂದು ಹೇಳುವ ಪೊಟ್ಟಣವೊಂದೂ ಬರುವುದಿಲ್ಲ. ಲಿನಕ್ಸ್ ಕರ್ನಲ್ ಹೊಸ ಸಂಪರ್ಕಕ್ಕಾಗಿ ಬಾಗಿಲು ತಟ್ಟುತ್ತದೆ. ಉತ್ತರವಿಲ್ಲದಿದ್ದರೆ ಒಂದು ಸೆಕೆಂಡು ಬಿಟ್ಟು, ಮತ್ತೆ ಎರಡು, ನಾಲ್ಕು, ಎಂಟು ಎಂದು ಅಂತರ ದುಪ್ಪಟ್ಟು ಮಾಡುತ್ತ ಆರು ಬಾರಿ ಮತ್ತೆ ತಟ್ಟುತ್ತದೆ (2023ರಿಂದೀಚಿನ ಕರ್ನಲ್‌ಗಳಲ್ಲಿ ಈ ಲೆಕ್ಕ ತುಸು ಬದಲಾಗಿದೆ). ಬಹುಕಾಲ ನಡೆದುಬಂದ ಈ ಲೆಕ್ಕದಲ್ಲಿ ಕೈಚೆಲ್ಲುವ ಹೊತ್ತಿಗೆ 127 ಸೆಕೆಂಡು ಕಳೆದಿರುತ್ತದೆ. ಸಂಪರ್ಕ ಆದಮೇಲೆ ನಡುವೆ ಕಡಿದುಹೋದರೆ ಇನ್ನೂ ಕಷ್ಟ: ಕಳಿಸಿದ ಬೈಟುಗಳಿಗೆ ಒಪ್ಪಿಗೆ ಬಾರದೆಹೋದಾಗ ಕರ್ನಲ್ ಸೋಲೊಪ್ಪಲು ಹದಿನೈದು ನಿಮಿಷಕ್ಕೂ ಮೇಲೆ ತೆಗೆದುಕೊಳ್ಳುತ್ತದೆ. ಇನ್ನು ನಾವು ಕಳಿಸುವುದೇನೂ ಇಲ್ಲದೆ ಬರಿದೇ ಓದಲು ಕಾಯುತ್ತಿದ್ದರಂತೂ ಮಿತಿಯೇ ಇಲ್ಲ. ಆ ತುದಿ ಸತ್ತಿದೆಯೋ ಸುಮ್ಮನಿದೆಯೋ ಟಿಸಿಪಿಗೆ ಗೊತ್ತಾಗುವುದಿಲ್ಲ. ‘ಕೀಪ್ ಅಲೈವ್’ ಎಂಬ ತಪಾಸಣೆಯನ್ನು ಚಾಲೂ ಮಾಡಿಕೊಂಡರೂ ಲಿನಕ್ಸ್‌ನ ಮೂಲ ಸೆಟ್ಟಿಂಗ್‌ನಲ್ಲಿ ಮೊದಲ ತಪಾಸಣೆ ನಡೆಯುವುದು 7200 ಸೆಕೆಂಡು, ಅಂದರೆ ಎರಡು ಗಂಟೆ ಸುಮ್ಮನಿದ್ದ ಮೇಲೆ.

ಹಾಗಾದರೆ ಭಾಷೆ ತಾನೇ ಒಂದು ಮಿತಿ ಹಾಕಬೇಕೆ? ಪೈಥಾನ್‌ನ ಸಾಕೆಟ್‌ಗೆ ನಾವಾಗಿ ಹೇಳದ ಹೊರತು ಕಾಲಮಿತಿ ಇಲ್ಲ. ಗೋ ಭಾಷೆಯ ಸಿದ್ಧ ಎಚ್‌ಟಿಟಿಪಿ ಕ್ಲೈಂಟ್‌ಗೂ (ವೆಬ್ ಸರ್ವರ್‌ಗಳಿಂದ ಮಾಹಿತಿ ಕೇಳುವ ಭಾಗಕ್ಕೂ) ಒಟ್ಟು ಕಾಲಮಿತಿ ಇಲ್ಲ. ಇದರ ಹಿಂದೆ ಒಂದು ತರ್ಕವಿದೆ. ಬೆಂಗಳೂರಿನ ಕಚೇರಿಯ ಫೈಬರ್ ಸಂಪರ್ಕಕ್ಕೆ ಐದು ಸೆಕೆಂಡು ದೀರ್ಘಕಾಲ. ಜುಲೈ ತಿಂಗಳ ಆಗುಂಬೆಗೆ ಮೂವತ್ತು ಸೆಕೆಂಡೂ ಸಾಲದಿರಬಹುದು. ಇಬ್ಬರಿಗೂ ಒಪ್ಪುವ ಸಂಖ್ಯೆಯನ್ನು ಭಾಷೆಯೊಳಗೆ ಬರೆದಿಡುವುದು ಯಾರಿಂದಲೂ ಆಗದು. ಈ ತರ್ಕವನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಸಂಖ್ಯೆಯನ್ನು ಭಾಷೆ ನಿರ್ಧರಿಸುವುದು ಬೇಡ, ಸರಿ. ಆದರೆ ಕಾಲಮಿತಿಯ ಬಗ್ಗೆ ಯೋಚಿಸದೆ ಸಂಪರ್ಕವನ್ನೇ ತೆರೆಯಲಾಗದಂತೆ, ‘ಎಷ್ಟು ಹೊತ್ತು ಕಾಯಲಿ?’ ಎಂಬುದನ್ನು ಕರೆಯ ಕಡ್ಡಾಯ ಅಂಶವಾಗಿಸಬಹುದಿತ್ತು. ಹೊಸ ಭಾಷೆ ಕಟ್ಟುವವರು ಇದನ್ನು ಗಂಭೀರವಾಗಿ ಪರಿಗಣಿಸಬೇಕು ಎನ್ನುವುದು ನನ್ನ ಬಲವಾದ ಅಭಿಪ್ರಾಯ.

ಕಾಲಮಿತಿಯಲ್ಲೂ ಎರಡು ಬಗೆ ಇವೆ, ಇವೆರಡರ ವ್ಯತ್ಯಾಸ ತಿಳಿದವರು ಕಡಿಮೆ. ಪೈಥಾನ್‌ನ ಸಾಕೆಟ್‌ಗೆ ‘ಹತ್ತು ಸೆಕೆಂಡು’ ಎಂದು ಹೇಳಿದರೆ ಅದು ಪ್ರತಿಯೊಂದು ಓದಿಗೂ ಹತ್ತು ಸೆಕೆಂಡು. ಒಂದು ಗೆರೆ ಸಿಗ್ನಲ್ಲಿನಲ್ಲಿ ಒಂಬತ್ತು ಸೆಕೆಂಡಿಗೊಂದು ಬೈಟು ಬರುತ್ತಿದ್ದರೆ, ಪ್ರತಿ ಓದೂ ಮಿತಿಯೊಳಗೇ ಇರುತ್ತದೆ, ಆದರೆ ನೂರು ಬೈಟಿನ ಧಾರಣೆ ಬರಲು ಹದಿನೈದು ನಿಮಿಷ ಬೇಕು. ಗೋ ಇಲ್ಲಿ ಬೇರೆ ದಾರಿ ಹಿಡಿಯಿತು. ಅಲ್ಲಿ ಸಂಪರ್ಕಕ್ಕೆ ಕೊಡುವುದು ಗಡುವು, ಅಂದರೆ ‘ಸಂಜೆ ಆರು ಗಂಟೆ ಹತ್ತು ಸೆಕೆಂಡಿನವರೆಗೆ’ ಎಂಬಂಥ ನಿಶ್ಚಿತ ಕ್ಷಣ. ಎಷ್ಟು ಬಾರಿ ಓದಿದರೂ ಆ ಕ್ಷಣ ಮುಂದೆ ಸರಿಯುವುದಿಲ್ಲ. ಕೆಟ್ಟ ನೆಟ್‌ವರ್ಕಿನಲ್ಲಿ ಬದುಕುವವರಿಗೆ ಗಡುವೇ ಹೆಚ್ಚು ನಂಬಿಕೆಯದು.

ಈಗ ಸಂಪರ್ಕದ ಮೊದಲ ಹೆಜ್ಜೆಗೆ ಬರೋಣ. ಹೆಸರನ್ನು ವಿಳಾಸವಾಗಿ ಬದಲಿಸುವುದು. ಒಂದು ಹೆಸರಿಗೆ ಹಲವು ಐಪಿ ವಿಳಾಸಗಳಿರಬಹುದು, ಕೆಲವು ಹಳೆಯ ಬಗೆಯ ಐಪಿವಿ4, ಕೆಲವು ಹೊಸ ಬಗೆಯ ಐಪಿವಿ6. ಒಂದಾದ ಮೇಲೊಂದರಂತೆ ಪ್ರಯತ್ನಿಸುತ್ತ ಹೋದರೆ, ಮೊದಲ ವಿಳಾಸದ ದಾರಿ ಮುಚ್ಚಿದ್ದರೆ ಮೇಲೆ ಹೇಳಿದ ಎರಡು ನಿಮಿಷ ಅಲ್ಲಿಯೇ ಪೋಲು. ಇದಕ್ಕೆ ‘ಹ್ಯಾಪಿ ಐಬಾಲ್ಸ್’ ಎಂಬ ಹೆಸರಿನ ಉಪಾಯವಿದೆ. 2012ರಲ್ಲಿ ಮಾನದಂಡವಾಗಿ ಬಂದು 2017ರಲ್ಲಿ ಪರಿಷ್ಕಾರವಾಯಿತು. ಮೊದಲ ವಿಳಾಸಕ್ಕೆ ಪ್ರಯತ್ನ ಶುರುಮಾಡಿ, 250 ಮಿಲಿಸೆಕೆಂಡಿನಲ್ಲಿ ಉತ್ತರ ಬಾರದಿದ್ದರೆ ಅದನ್ನು ಕೈಬಿಡದೆಯೇ ಎರಡನೆಯದನ್ನೂ ಶುರುಮಾಡುವುದು. ಯಾವುದು ಮೊದಲು ಕೂಡುತ್ತದೋ ಅದನ್ನು ಇಟ್ಟುಕೊಂಡು ಉಳಿದವನ್ನು ಮುಚ್ಚುವುದು. ಗೋ ಇದನ್ನು ತಾನಾಗಿಯೇ ಮಾಡುತ್ತದೆ. ಹಲವು ಸಂಪರ್ಕಗಳನ್ನು ಒಟ್ಟಿಗೆ ನಡೆಸಲು ಪೈಥಾನ್‌ನಲ್ಲಿರುವ ಅಸಿಂಕ್‌ಐಓ ಎಂಬ ಭಾಗ 3.8ನೆಯ ಆವೃತ್ತಿಯಿಂದ, ಕೇಳಿದರೆ ಮಾಡುತ್ತದೆ. ಐಪಿವಿ6 ಕೊಟ್ಟಂತೆ ಕೊಟ್ಟು ದಾರಿಯಲ್ಲಿ ಕೈಕೊಡುವ ಸಂಪರ್ಕವಿದ್ದವರಿಗೆ ಇದರ ಬೆಲೆ ಗೊತ್ತು.

ಸಂಪರ್ಕ ಕೂಡಿತು. ಈಗ ಓದಬೇಕು. ಕಲಿಯುವವರೆಲ್ಲ ಎಡವುವ ಜಾಗ ಇದು. ಸರ್ವರ್ ಎರಡು ಬಾರಿ ಸೆಂಡ್ ಮಾಡಿದರೆ ನಾವು ಎರಡು ಬಾರಿ ರಿಸೀವ್ ಮಾಡಿದರಾಯಿತು ಎಂದು ಅನ್ನಿಸುತ್ತದೆ. ಟಿಸಿಪಿ ಅಂಥ ಭರವಸೆ ಕೊಟ್ಟೇ ಇಲ್ಲ. ಗುಡ್ಡದ ಅಬ್ಬಿ ನೀರನ್ನು ಅಡಿಕೆ ಮರದ ದಂಬೆಯಲ್ಲಿ ಮನೆಯಂಗಳಕ್ಕೆ ಹಾಯಿಸುವುದನ್ನು ನೋಡಿದವರಿಗೆ ಇದನ್ನು ಹೇಳುವುದು ಸುಲಭ. ಮೇಲ್ತುದಿಯಲ್ಲಿ ಒಬ್ಬರು ಎರಡು ಕೊಡ ನೀರು ಸುರಿದರೆ ಕೆಳತುದಿಯಲ್ಲಿ ಎರಡು ಕೊಡವಾಗಿ ಬೀಳುವುದಿಲ್ಲ. ಒಂದೇ ಧಾರೆ; ನಾವು ಹಿಡಿದ ಪಾತ್ರೆಯಷ್ಟು, ಆ ಹೊತ್ತಿಗೆ ಬಂದಷ್ಟು. ಟಿಸಿಪಿ ಕಾಯುವುದು ಬೈಟುಗಳ ಕ್ರಮವನ್ನು ಮಾತ್ರ. ಎಲ್ಲಿ ಒಂದು ಸಂದೇಶ ಮುಗಿದು ಇನ್ನೊಂದು ಶುರುವಾಯಿತು ಎಂಬ ಗುರುತನ್ನು ಅದು ಇಟ್ಟುಕೊಳ್ಳುವುದಿಲ್ಲ.

ಇದರ ಪರಿಣಾಮವನ್ನು ಹತ್ತಿರದಿಂದ ನೋಡೋಣ. ಸರ್ವರ್ ‘ಗೊರಬಲು’ ಎಂಬ ಪದವನ್ನು ಕಳಿಸಿತು ಎನ್ನಿ. ಯೂನಿಕೋಡ್‌ನ ಲೆಕ್ಕದಲ್ಲಿ ಅದರಲ್ಲಿ ಆರು ಸಂಕೇತಗಳಿವೆ: ಗ, ಒಕಾರದ ಚಿಹ್ನೆ, ರ, ಬ, ಲ, ಉಕಾರದ ಚಿಹ್ನೆ. ಸಂಕೇತಗಳನ್ನು ಬೈಟುಗಳಾಗಿಸುವ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು, ಒಟ್ಟು ಹದಿನೆಂಟು. ಓದುವಾಗ ಹತ್ತು ಬೈಟು ಮಾತ್ರ ಬಂದಿವೆ. ಮೊದಲ ಒಂಬತ್ತರಲ್ಲಿ ‘ಗೊರ’ ಬಂತು. ಹತ್ತನೆಯದು ‘ಬ’ ಅಕ್ಷರದ ಮೂರರಲ್ಲಿ ಒಂದು ಪಾಲು. ಇದನ್ನು ಆ ಕ್ಷಣವೇ ಪಠ್ಯವಾಗಿಸಲು ಹೊರಟರೆ ಭಾಷೆ ಏನು ಮಾಡಬೇಕು? ಪೈಥಾನ್ ಅಲ್ಲಿಯೇ ದೋಷ ಎಸೆದು ನಿಲ್ಲುತ್ತದೆ. ಬೇರೆ ಕೆಲವು ಕಡೆ ಆ ಜಾಗದಲ್ಲಿ ಪ್ರಶ್ನಾರ್ಥಕದ ಕಪ್ಪು ವಜ್ರ ಕೂರುತ್ತದೆ, ಮುಂದಿನ ಎರಡು ಬೈಟುಗಳೂ ಅನಾಥವಾಗುತ್ತವೆ. ಸರಿಯಾದ ದಾರಿ ಎಂದರೆ ಅರ್ಧ ಅಕ್ಷರವನ್ನು ಬದಿಗಿಟ್ಟು ಉಳಿದ ಬೈಟುಗಳಿಗಾಗಿ ಕಾಯುವ ಡಿಕೋಡರ್. ಅಂಥದ್ದು ಪೈಥಾನ್‌ನಲ್ಲಿದೆ, ಹುಡುಕಿ ಬಳಸಬೇಕು. ಇಂಗ್ಲಿಷಿನ ಅಕ್ಷರಕ್ಕೆ ಒಂದೇ ಬೈಟಾದ್ದರಿಂದ ಇಂಗ್ಲಿಷ್ ಪಠ್ಯದಲ್ಲೇ ಪರೀಕ್ಷಿಸಿದವರಿಗೆ ಈ ದೋಷ ಜನ್ಮದಲ್ಲಿ ಕಾಣುವುದಿಲ್ಲ. ಕನ್ನಡದಲ್ಲಿ ಪರೀಕ್ಷಿಸಿದರೆ ಅದು ಬಹುಬೇಗ ಹೊರಬೀಳುತ್ತದೆ.

ಅರ್ಧ ಅಕ್ಷರವಾದರೂ ಮೇಲು, ಕೂಗಿ ಹೇಳುತ್ತದೆ. ಅರ್ಧ ಸಂಖ್ಯೆ ಹಾಗಲ್ಲ. ಸರ್ವರ್ 47500 ಎಂದು ಕಳಿಸಿ ನಮಗೆ ಮೊದಲ ಓದಿನಲ್ಲಿ 475 ಮಾತ್ರ ಬಂದರೆ ಅದೂ ಒಂದು ನೆಟ್ಟಗಿನ ಸಂಖ್ಯೆಯೇ. ಯಾವ ದೋಷವೂ ಏಳುವುದಿಲ್ಲ, ಪರದೆಯ ಮೇಲೆ ಕ್ವಿಂಟಲ್ ರಾಶಿಗೆ 475 ರೂಪಾಯಿ ಎಂದು ಮೂಡುತ್ತದೆ. ಆದ್ದರಿಂದ ಸಂದೇಶದ ಗಡಿಯನ್ನು ನಾವೇ ಹಾಕಬೇಕು: ಪ್ರತಿ ಸಾಲಿನ ಕೊನೆಗೆ ಹೊಸಸಾಲಿನ ಗುರುತು, ಇಲ್ಲವೇ ಸಂದೇಶದ ಮುಂದೆ ಅದರ ಉದ್ದ. ಗುರುತು ಸಿಗುವವರೆಗೆ ಓದುತ್ತಲೇ ಇರಬೇಕು, ಗುರುತು ಸಿಗುವ ಮೊದಲೇ ಸಂಪರ್ಕ ಮುಗಿದರೆ ಬಂದಷ್ಟನ್ನು ನಂಬದೆ ಎಸೆಯಬೇಕು. ಒಳ್ಳೆಯ ಭಾಷೆ ಈ ಓದುವ ಕ್ರಮವನ್ನು ಸಿದ್ಧವಾಗಿ ಕೊಟ್ಟಿರುತ್ತದೆ. ಕಳಿಸುವ ಕಡೆಯೂ ಇದೇ ಕಥೆ: ಪೈಥಾನ್‌ನ ಸೆಂಡ್ ಕರೆ ಕೊಟ್ಟ ಬೈಟುಗಳಲ್ಲಿ ಎಷ್ಟನ್ನು ಕರ್ನಲ್ ತೆಗೆದುಕೊಂಡಿತು ಎಂಬ ಲೆಕ್ಕ ಮಾತ್ರ ಹೇಳುತ್ತದೆ, ಉಳಿದದ್ದನ್ನು ಮತ್ತೆ ಕಳಿಸುವುದು ನಮ್ಮ ಹೊಣೆ. ಎಲ್ಲವೂ ಹೋಗುವವರೆಗೆ ಬಿಡದಿರುವುದು ‘ಸೆಂಡ್ ಆಲ್’. ಗೋ ಭಾಷೆಯ ರೈಟ್ ಮಾತ್ರ ಮೊದಲಿನಿಂದಲೂ ಪೂರ್ತಿ ಬರೆಯುತ್ತದೆ, ಆಗದಿದ್ದರೆ ದೋಷ ಕೊಡುತ್ತದೆ. ಅದೇ ಸರಿ ಎಂದು ನನಗನ್ನಿಸುತ್ತದೆ.

ಇಲ್ಲಿಯವರೆಗೆ ಒಂದೇ ಸಂಪರ್ಕದ ಮಾತು. ಸರ್ವರ್‌ನ ಕಡೆಯಿಂದ ನೋಡಿದರೆ ಸಂಜೆ ಏಕಕಾಲಕ್ಕೆ ಸಾವಿರಾರು ಮನೆಗಳು ಧಾರಣೆ ಕೇಳುತ್ತವೆ. ಪ್ರತಿಯೊಂದಕ್ಕೂ ಕರ್ನಲ್‌ನ ಒಂದೊಂದು ಥ್ರೆಡ್ (ಪ್ರೋಗ್ರಾಮಿನೊಳಗೆ ಸ್ವತಂತ್ರವಾಗಿ ಓಡುವ ಎಳೆ) ಇಟ್ಟು ಕಾಯಿಸಿದರೆ ನೆನಪಿನ ಜಾಗವೆಲ್ಲ ಕಾಯುವುದಕ್ಕೇ ಹೋಗುತ್ತದೆ. ‘ಹತ್ತು ಸಾವಿರ ಸಂಪರ್ಕವನ್ನು ಒಂದು ಯಂತ್ರ ನಿಭಾಯಿಸುವುದು ಹೇಗೆ’ ಎಂಬ ಪ್ರಶ್ನೆಯನ್ನು ಡಾನ್ ಕೆಗೆಲ್ 1999ರಲ್ಲಿ ಎತ್ತಿದ್ದರು. ಹಲವು ಸಾಕೆಟ್‌ಗಳನ್ನು ಒಟ್ಟಿಗೆ ಕಾಯುವ ಹಳೆಯ ‘ಸೆಲೆಕ್ಟ್’ ಕರೆಗೆ ಸಾಮಾನ್ಯವಾಗಿ 1024ರ ಮಿತಿ ಇತ್ತು. ಅದರ ಬದಲಿಗೆ ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂನಲ್ಲಿ ‘ಕೆಕ್ಯೂ’, ಲಿನಕ್ಸ್‌ನಲ್ಲಿ ‘ಇಪೋಲ್’ ಬಂದವು; ಇವು ‘ಈ ಸಾಕೆಟ್ ಓದಲು ಸಿದ್ಧ’ ಎಂದು ಹೇಳುತ್ತವೆ. ವಿಂಡೋಸ್‌ನ ದಾರಿಯೇ ಬೇರೆ. ‘ನೀನು ಹೇಳಿದ ಓದು ಮುಗಿಯಿತು’ ಎಂದು ಹೇಳುತ್ತದೆ. ಒಂದು ಸಿದ್ಧತೆಯ ಸುದ್ದಿ, ಇನ್ನೊಂದು ಮುಗಿತಾಯದ ಸುದ್ದಿ. ಎರಡನ್ನೂ ಒಂದೇ ಮುಖದ ಹಿಂದೆ ಅಡಗಿಸುವುದು ಭಾಷೆ ಕಟ್ಟುವವರಿಗೆ ಇಂದಿಗೂ ತಲೆನೋವಿನ ಕೆಲಸ. 2019ರಲ್ಲಿ ಲಿನಕ್ಸ್‌ಗೇ ‘ಐಓ ಯುರಿಂಗ್’ ಎಂಬ ಮುಗಿತಾಯದ ಬಗೆಯ ಏರ್ಪಾಡು ಬಂದಮೇಲಂತೂ ಹಳೆಯ ತೀರ್ಮಾನಗಳನ್ನೆಲ್ಲ ಮತ್ತೆ ತೂಗಿ ನೋಡುವಂತಾಗಿದೆ.

ಪ್ರತಿ ಭಾಷೆಯ ಸ್ವಭಾವ ಬಯಲಾಗುವುದು ಇಲ್ಲಿಯೇ. 1998ರಲ್ಲಿ ಎರಿಕ್ಸನ್ ಮುಕ್ತಗೊಳಿಸಿದ ಅರ್ಲಾಂಗ್, ದೂರವಾಣಿ ವಿನಿಮಯ ಯಂತ್ರಗಳಿಗಾಗಿ ಹುಟ್ಟಿದ ಭಾಷೆ. ಅದರಲ್ಲಿ ಪ್ರತಿ ಸಂಪರ್ಕಕ್ಕೂ ಒಂದು ಹಗುರ ಪ್ರಕ್ರಿಯೆ, ಬಂದ ಬೈಟುಗಳು ಆ ಪ್ರಕ್ರಿಯೆಯ ಅಂಚೆಪೆಟ್ಟಿಗೆಗೆ ಸಂದೇಶವಾಗಿ ಬೀಳುವಂತೆ ಮಾಡಬಹುದು. 2009ರಲ್ಲಿ ಹೊರಬಂದ ಗೋ, ಬರೆಯುವವರಿಗೆ ಸರಳವಾಗಿ ‘ಓದು’ ಎಂದು ಬರೆಯಲು ಬಿಟ್ಟು, ಹಿಂಬದಿಯಲ್ಲಿ ಇಪೋಲ್ ಮುಂತಾದವನ್ನು ತಾನೇ ನಡೆಸುತ್ತದೆ. ಅದರ ಗೋರೂಟೀನ್ ಎಂಬ ಹಗುರ ಎಳೆ ಎರಡು ಕಿಲೋಬೈಟಿನ ಸ್ಟ್ಯಾಕ್‌ನಿಂದ (ಕೆಲಸಕ್ಕೆ ಬೇಕಾದ ನೆನಪಿನ ಜಾಗದಿಂದ) ಶುರುವಾಗುವುದರಿಂದ ಸಾವಿರಾರು ಇಟ್ಟರೂ ಭಾರವಾಗುವುದಿಲ್ಲ. ಜಾವಾ ಬಹಳ ತಡವಾಗಿ, 2023ರ 21ನೆಯ ಆವೃತ್ತಿಯಲ್ಲಿ, ಇದೇ ಬಗೆಯ ಹಗುರ ಥ್ರೆಡ್‌ಗಳನ್ನು ಪಕ್ಕಾ ಮಾಡಿತು. ಪೈಥಾನ್ 2014ರಲ್ಲಿ ಅಸಿಂಕ್‌ಐಓ ತಂದು, ಮರುವರ್ಷ ‘ಇಲ್ಲಿ ಕಾಯಬೇಕಾಗಬಹುದು’ ಎಂದು ಗುರುತಿಸುವ ಅಸಿಂಕ್, ಅವೇಟ್ ಎಂಬ ಪದಗಳನ್ನು ಭಾಷೆಗೇ ಸೇರಿಸಿತು. ಇಲ್ಲಿ ಕಾಯುವ ಜಾಗಗಳೆಲ್ಲ ಕಣ್ಣಿಗೆ ಕಾಣುತ್ತವೆ, ಆದರೆ ಒಂದು ಫಂಕ್ಷನ್ ಅಸಿಂಕ್ ಆದರೆ ಅದನ್ನು ಕರೆಯುವವೂ ಅಸಿಂಕ್ ಆಗುತ್ತ ಹೋಗಬೇಕು. ರಸ್ಟ್ 2019ರ ನವೆಂಬರ್‌ನಲ್ಲಿ ಇದೇ ಪದಗಳನ್ನು ಪಡೆಯಿತು, ಆದರೆ ಕಾಯುವಿಕೆಯನ್ನು ನಡೆಸುವ ಯಂತ್ರವನ್ನು ಭಾಷೆಯೊಳಗೆ ಇಡಲೇ ಇಲ್ಲ. ‘ಟೋಕಿಯೋ’ ಎಂಬ ಹೆಸರಿನದ್ದರಂಥ ಹೊರಗಿನ ಲೈಬ್ರರಿಗೆ (ಸಿದ್ಧ ಕೋಡ್‌ನ ಸಂಗ್ರಹಕ್ಕೆ) ಬಿಟ್ಟಿತು. ಹೊಸಬರು ಇದನ್ನು ಕೊರತೆ ಎನ್ನುತ್ತಾರೆ. ಆಪರೇಟಿಂಗ್ ಸಿಸ್ಟಂ ಕೂಡ ಇಲ್ಲದ ಪುಟ್ಟ ಚಿಪ್‌ಗಳ ಮೇಲೂ ಓಡಬೇಕಾದ ಭಾಷೆ ಎಲ್ಲರ ಮೇಲೂ ಒಂದೇ ಯಂತ್ರವನ್ನು ಹೇರದಿದ್ದದ್ದು ವಿವೇಕದ ನಡೆ ಎಂದು ನಾನು ಭಾವಿಸುತ್ತೇನೆ. ಬಳಕೆಯ ಪ್ರೋಗ್ರಾಂ ಬರೆಯುವವರಿಗೆ ಗೋ ಹಿತ. ಬುನಾದಿ ಕಟ್ಟುವವರಿಗೆ ರಸ್ಟ್ ಪ್ರಾಮಾಣಿಕ.

ಇನ್ನೊಂದು ಪ್ರಶ್ನೆ ಹೆಚ್ಚು ಸೂಕ್ಷ್ಮ. ಬೆಳೆಗಾರರ ಪ್ರೋಗ್ರಾಂ ‘ಹತ್ತು ಚೀಲ ರಾಶಿ ಮಾರಾಟಕ್ಕೆ ನೋಂದಾಯಿಸಿ’ ಎಂದು ಕಳಿಸಿ ಕಾಯುತ್ತಿದೆ. ಉತ್ತರ ಬರುವ ಮುಂಚೆ ಸಿಗ್ನಲ್ ಹೋಯಿತು. ಸಂದೇಶವೇ ತಲುಪಲಿಲ್ಲವೋ, ತಲುಪಿ ನೋಂದಣಿಯಾಗಿ ಉತ್ತರ ಮಾತ್ರ ದಾರಿಯಲ್ಲಿ ಕಳೆಯಿತೋ? ಈ ತುದಿಯಿಂದ ಎರಡೂ ಒಂದೇ ಥರ ಕಾಣುತ್ತವೆ. ‘ಸೋತರೆ ಮತ್ತೆ ಕಳಿಸು’ ಎಂದು ಭಾಷೆ ತಾನಾಗಿ ಮಾಡಿಬಿಟ್ಟರೆ ಹತ್ತು ಚೀಲ ಇಪ್ಪತ್ತಾಗಬಹುದು. ಗೋ ಭಾಷೆಯ ಎಚ್‌ಟಿಟಿಪಿ ಭಾಗ ಇಲ್ಲಿ ಎಚ್ಚರದಿಂದ ನಡೆದುಕೊಳ್ಳುತ್ತದೆ: ಅದಾಗಲೇ ಒಮ್ಮೆ ಯಶಸ್ವಿಯಾಗಿ ಬಳಸಿದ ಸಂಪರ್ಕ ಮುರಿದರೆ, ಅದೂ ಮಾಹಿತಿಯನ್ನು ತರಿಸುವ ‘ಗೆಟ್’ ಕೋರಿಕೆಯಂತೆ ಎರಡು ಬಾರಿ ಮಾಡಿದರೂ ಹಾನಿಯಿಲ್ಲದ ಕೋರಿಕೆಯಾದರೆ ಮಾತ್ರ ಮತ್ತೆ ಪ್ರಯತ್ನಿಸುತ್ತದೆ. ನೋಂದಣಿಯಂಥದ್ದಕ್ಕೆ ಪ್ರತಿ ಕೋರಿಕೆಗೂ ವಿಶಿಷ್ಟ ಗುರುತು ಕೊಟ್ಟು, ಅದೇ ಗುರುತು ಎರಡನೆಯ ಬಾರಿ ಬಂದರೆ ಸರ್ವರ್ ಹಳೆಯ ಉತ್ತರವನ್ನೇ ಕೊಡುವಂತೆ ಬರೆಯಬೇಕು. ಅದನ್ನು ಭಾಷೆ ನಮ್ಮ ಪರವಾಗಿ ಮಾಡಲಾರದು.

ಇಷ್ಟೆಲ್ಲ ದೊಡ್ಡ ಪ್ರಶ್ನೆಗಳ ನಡುವೆ ಒಂದು ಸೊನ್ನೆಯ ಪ್ರಕರಣವನ್ನೂ ಹೇಳಬೇಕು. ಐಪಿ ವಿಳಾಸದಲ್ಲಿ 010 ಎಂದು ಬರೆದರೆ ಅದು ಹತ್ತೋ ಎಂಟೋ? ಹಳೆಯ ಸಿ ಭಾಷೆಯ ಲೈಬ್ರರಿಯ ಸಂಪ್ರದಾಯದಲ್ಲಿ ಮುಂದಿನ ಸೊನ್ನೆ ಅಷ್ಟಮಾನದ (ಎಂಟರ ಆಧಾರದ ಎಣಿಕೆಯ) ಗುರುತು, ಆದ್ದರಿಂದ 010 ಎಂದರೆ ಎಂಟು. ಪೈಥಾನ್, ಗೋ, ರಸ್ಟ್ ಮೂರೂ ಒಂದೊಂದು ಹಂತದಲ್ಲಿ ಆ ಸೊನ್ನೆಯನ್ನು ಕಡೆಗಣಿಸಿ ಹತ್ತು ಎಂದೇ ಓದುತ್ತಿದ್ದವು. ಭದ್ರತೆಯ ತಪಾಸಣೆ ಮಾಡುವ ಭಾಗ 010.8.8.8 ಎಂಬುದನ್ನು ಒಳಗಿನ ಜಾಲದ ವಿಳಾಸ ಎಂದು ಓದಿ ಒಳಗೆ ಬಿಟ್ಟು, ಸಂಪರ್ಕ ಮಾಡುವ ಭಾಗ ಅದನ್ನೇ 8.8.8.8 ಎಂದು ಓದಿದರೆ ಕಾವಲು ಮುರಿದಂತೆಯೇ. 2021ರಲ್ಲಿ ಇದು ಭದ್ರತಾ ಲೋಪವಾಗಿ ದಾಖಲಾಗಿ ಮೂರೂ ಭಾಷೆಗಳು ತಿದ್ದಿಕೊಂಡವು: ರಸ್ಟ್ 1.53ರಲ್ಲಿ, ಗೋ 1.17ರಲ್ಲಿ, ಪೈಥಾನ್ 3.9.5ರಲ್ಲಿ. ಮೂವರ ತೀರ್ಮಾನವೂ ಒಂದೇ. ಹತ್ತು ಎಂದೂ ಬೇಡ, ಎಂಟು ಎಂದೂ ಬೇಡ. ಮುಂದೆ ಸೊನ್ನೆ ಇದ್ದರೆ ಅಂಥ ವಿಳಾಸವನ್ನು ಒಪ್ಪುವುದೇ ಇಲ್ಲ.

ಗೂಢಲಿಪಿಯ ವಿಷಯದಲ್ಲೂ ಮೂಲ ಸೆಟ್ಟಿಂಗೇ ಎಲ್ಲ. ಪೈಥಾನ್‌ನ ಪ್ರಮಾಣಿತ ಲೈಬ್ರರಿ ಬಹುಕಾಲ ಎಚ್‌ಟಿಟಿಪಿಎಸ್ ಮಾತಾಡುತ್ತಿತ್ತು, ಆದರೆ ಆ ತುದಿಯವರ ಪ್ರಮಾಣಪತ್ರ ನಿಜವೇ ಎಂದು ನೋಡುತ್ತಿರಲಿಲ್ಲ. 2014ರ ಡಿಸೆಂಬರ್‌ನಲ್ಲಿ 2.7.9ನೆಯ ಆವೃತ್ತಿಯಿಂದ ತಪಾಸಣೆಯೇ ಮೂಲ ಸೆಟ್ಟಿಂಗ್ ಆಯಿತು. ಬೀಗ ಹಾಕಿದ್ದೇವೆ ಎಂದು ನಂಬಿದ್ದ ಎಷ್ಟೋ ಪ್ರೋಗ್ರಾಂಗಳಿಗೆ ಅಂದಿನವರೆಗೆ ಬೀಗವಿತ್ತು, ಕೀಲಿ ಯಾರ ಕೈಯಲ್ಲಿದೆ ಎಂಬ ವಿಚಾರಣೆ ಇರಲಿಲ್ಲ.

ಇಂಥ ತಿದ್ದುಪಡಿ ಸೇರಿಸುವುದು ಏಕೆ ನಿಧಾನ ಎಂದು ಕೇಳುವವರಿದ್ದಾರೆ. ಒಮ್ಮೆ ಪ್ರಮಾಣಿತ ಲೈಬ್ರರಿಗೆ ಸೇರಿದ್ದು ಕೊಟ್ಟ ಮಾತಿದ್ದಂತೆ. ಸಾವಿರಾರು ಜನ ಅದರ ಮೇಲೆ ಕಟ್ಟಿಕೊಂಡಿರುತ್ತಾರೆ. ಕೊಡದ ಮಾತನ್ನೂ ಜನ ನಂಬಿಬಿಡುತ್ತಾರೆ. ರಸ್ಟ್‌ನಲ್ಲಿ ವಿಳಾಸದ ಟೈಪುಗಳು (ವಿಳಾಸವನ್ನು ಹಿಡಿದಿಡುವ ಮಾಹಿತಿಯ ಬಗೆಗಳು) ನೆನಪಿನಲ್ಲಿ ಯಾವ ಆಕಾರದಲ್ಲಿರುತ್ತವೆ ಎಂದು ಎಲ್ಲಿಯೂ ಭರವಸೆ ಕೊಟ್ಟಿರಲಿಲ್ಲ. ಅವು ಸಿ ಭಾಷೆಯ ಆಕಾರದಲ್ಲೇ ಇವೆ ಎಂದು ಕಂಡುಕೊಂಡ ಕೆಲವು ಲೈಬ್ರರಿಗಳು ಅದನ್ನೇ ನಂಬಿ ನೇರವಾಗಿ ಬಳಸುತ್ತಿದ್ದವು. ಆಕಾರವನ್ನು ಚಿಕ್ಕದಾಗಿಸಲು ಹೊರಟಾಗ ಅವೆಲ್ಲ ಒಡೆಯುವ ಸ್ಥಿತಿ ಬಂತು. ರಸ್ಟ್ ತಂಡದವರು ಆ ಲೈಬ್ರರಿಗಳ ಲೇಖಕರನ್ನು ಸಂಪರ್ಕಿಸಿ ಸರಿಪಡಿಸಿದ ಆವೃತ್ತಿಗಳನ್ನು ಹೊರಡಿಸಿ, ಅವು ಬಳಕೆಗೆ ಬಂದು ಒಂದು ವರ್ಷಕ್ಕೂ ಹೆಚ್ಚು ಕಾದು, 2022ರ ಸೆಪ್ಟೆಂಬರ್‌ನಲ್ಲಿ 1.64ನೆಯ ಆವೃತ್ತಿಯಲ್ಲಿ ಬದಲಾವಣೆ ತಂದರು. ನಿಯಮದ ಪ್ರಕಾರ ಅವರು ಯಾರನ್ನೂ ಕೇಳಬೇಕಿರಲಿಲ್ಲ. ಮುಕ್ತ ತಂತ್ರಾಂಶ ಲೋಕದಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸುವ ನಡೆಗಳಲ್ಲಿ ಇದೊಂದು.

ಕನ್ನಡಿಗರು ಕೈಹಾಕಲೇಬೇಕಾದ ಜಾಗವೂ ಒಂದಿದೆ. ಕನ್ನಡ ಲಿಪಿಯ ಡೊಮೈನ್ ಹೆಸರುಗಳಿಗೆ ಡಾಟ್ ಭಾರತ ಎಂಬ ಕನ್ನಡದ ಕೊನೆಪದ ಇದೆ. ಅಂಥ ಹೆಸರು ಜಾಲದಲ್ಲಿ ಸಾಗುವಾಗ ‘ಪ್ಯೂನಿಕೋಡ್’ ಎಂಬ ವಿಧಾನದಲ್ಲಿ ಇಂಗ್ಲಿಷ್ ಅಕ್ಷರಗಳಾಗಿ ಬದಲಾಗುತ್ತದೆ. ಈ ಬದಲಾವಣೆಗೆ 2003ರ ಒಂದು ಮಾನದಂಡ, 2010ರಲ್ಲಿ ಪ್ರಕಟವಾದರೂ 2008ರ ಹೆಸರಿನಲ್ಲೇ ಕರೆಯಲಾಗುವ ಇನ್ನೊಂದು ಮಾನದಂಡ ಇವೆ, ಎರಡೂ ಎಲ್ಲ ಕಡೆ ಒಂದೇ ಉತ್ತರ ಕೊಡುವುದಿಲ್ಲ. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜ ಮತ್ತು ಕ ಒತ್ತಕ್ಷರವಾಗದಂತೆ ನಡುವೆ ಕಣ್ಣಿಗೆ ಕಾಣದ ಒಂದು ತಡೆ ಹಾಕುತ್ತೇವಲ್ಲ, 2003ರ ನಿಯಮ ಅದನ್ನು ಸುಮ್ಮನೆ ಅಳಿಸಿಹಾಕುತ್ತದೆ. 2008ರ ನಿಯಮ ಹಲಂತದ ನಂತರ ಅದಕ್ಕೆ ಅವಕಾಶ ಕೊಡುತ್ತದೆ. ಪೈಥಾನ್‌ನ ಜೊತೆಗೇ ಬರುವ ಪರಿವರ್ತಕ ಅನುಸರಿಸುವುದು 2003ರ ನಿಯಮವನ್ನು. ಹೊಸದು ಬೇಕಿದ್ದರೆ ಹೊರಗಿನ ಪ್ಯಾಕೇಜ್ ಹಾಕಿಕೊಳ್ಳಬೇಕು. ಹೀಗೆ ಆಗುವುದು ಸರಿಯೇ, ಯಾವ ಹೆಸರುಗಳು ಕೆಡುತ್ತವೆ ಎಂದು ಕನ್ನಡ ದಿನವೂ ಬರೆಯುವವರಷ್ಟು ಚೆನ್ನಾಗಿ ಬೇರೆಯವರು ಹೇಳಲಾರರು.

ಹಾಗೆಯೇ ಪರೀಕ್ಷೆಯ ವಿಷಯ. ಭಾಷೆಗಳ ಸಾಕೆಟ್ ಪರೀಕ್ಷೆಗಳು ಬಹುಪಾಲು 127.0.0.1ರಲ್ಲಿ, ಅಂದರೆ ಯಂತ್ರ ತನ್ನೊಡನೆ ತಾನೇ ಮಾತಾಡುವ ದಾರಿಯಲ್ಲಿ ನಡೆಯುತ್ತವೆ. ಪೋರ್ಟ್ ಸೊನ್ನೆ ಎಂದು ಕೇಳಿದರೆ ಕರ್ನಲ್ ಖಾಲಿ ಇರುವ ಯಾವುದೋ ಪೋರ್ಟನ್ನು ಕೊಡುತ್ತದೆ, ಒಂದು ಪರೀಕ್ಷೆ ಇನ್ನೊಂದರ ಕಾಲು ತುಳಿಯುವುದಿಲ್ಲ. ಅದು ಅಗತ್ಯವೇ, ಇಂಟರ್ನೆಟ್ ನಂಬಿ ಪರೀಕ್ಷೆ ಬರೆಯಬಾರದು. ಆದರೆ ಆ ದಾರಿಯಲ್ಲಿ ಪೊಟ್ಟಣ ಕಳೆಯುವುದಿಲ್ಲ, ತಡವಾಗುವುದಿಲ್ಲ, ಲಿನಕ್ಸ್‌ನಲ್ಲಿ ಒಂದು ಪೊಟ್ಟಣದ ಗರಿಷ್ಠ ಗಾತ್ರವೂ 65,536 ಬೈಟು. ಹಾಗಾಗಿ ನಮ್ಮ 47500 ಅಲ್ಲಿ ತುಂಡಾಗಿ ಬರುವ ಸಂಭವ ತೀರಾ ಕಡಿಮೆ. ಲಿನಕ್ಸ್‌ನ ‘ನೆಟೆಮ್’ ಎಂಬ ಸೌಲಭ್ಯದಿಂದ ಅದೇ ದಾರಿಗೆ ಬೇಕೆಂದೇ ಮುನ್ನೂರು ಮಿಲಿಸೆಕೆಂಡು ತಡ, ನೂರಕ್ಕೆ ಹತ್ತು ಪೊಟ್ಟಣ ನಷ್ಟ ಹೇರಬಹುದು. ಗೋ ಭಾಷೆಯ ಪರೀಕ್ಷಾ ಲೈಬ್ರರಿಯಲ್ಲಿ ಎಷ್ಟು ಕೇಳಿದರೂ ಒಂದೊಂದೇ ಬೈಟು ಕೊಡುವ ಓದುಗ ಸಿದ್ಧವಾಗಿದೆ. ಬೇರೆ ಭಾಷೆಯಲ್ಲಾದರೆ ಅಂಥದ್ದೊಂದು ಸರ್ವರ್ ನಾವೇ ಬರೆದುಕೊಳ್ಳಬಹುದು: ಸಂಪರ್ಕ ಒಪ್ಪಿಕೊಂಡು ‘ಗೊರಬಲು 47500’ ಎಂಬುದನ್ನು ಒಂದೊಂದು ಬೈಟಾಗಿ, ನಡುವೆ ಅರೆಗಳಿಗೆ ನಿಂತು ಕಳಿಸುವುದು, ಒಮ್ಮೆ ಪೂರ್ತಿ ಕಳಿಸಿ ಮುಚ್ಚುವುದು, ಒಮ್ಮೆ ಹದಿನೇಳನೆಯ ಬೈಟಿಗೇ ಕಡಿಯುವುದು, ಒಮ್ಮೆ ಏನನ್ನೂ ಕಳಿಸದೆ, ಮುಚ್ಚದೆ ಸುಮ್ಮನಿರುವುದು.

ಇದಕ್ಕೆ ಎದುರಾಗಿ ನಿಮ್ಮ ಇಷ್ಟದ ಭಾಷೆಯ ಲೈಬ್ರರಿಯನ್ನು ಓಡಿಸಿ. ಅದು ದೋಷ ಕೊಟ್ಟರೆ ಯಾವ ದೋಷ, ಎಷ್ಟು ಸೆಕೆಂಡಿಗೆ. ಅರ್ಧ ಸಂಖ್ಯೆಯನ್ನು ಪೂರ್ತಿ ಎಂದು ಕೊಟ್ಟಿತೇ. ಸುಮ್ಮನಿದ್ದ ಸರ್ವರ್‌ನ ಮುಂದೆ ಎಷ್ಟು ಹೊತ್ತು ನಿಂತಿತು ಎಂದು ಬರೆದುಕೊಳ್ಳಿ. ಭಾಷೆಯ ಆವೃತ್ತಿ, ಆಪರೇಟಿಂಗ್ ಸಿಸ್ಟಂ, ಆ ಚಿಕ್ಕ ಸರ್ವರ್‌ನ ಕೋಡ್ ಮೂರನ್ನೂ ಜೋಡಿಸಿ ಆ ಯೋಜನೆಯ ದೋಷಪಟ್ಟಿಗೆ ಹಾಕಿ. ನಿರ್ವಾಹಕರಿಗೆ ಬೇಕಾಗಿರುವುದು ಮತ್ತೆ ಮತ್ತೆ ಓಡಿಸಿ ನೋಡಬಹುದಾದ ಇಂಥ ವರದಿಯೇ. ಆ ಸರ್ವರ್‌ನ ಕೋಡ್ ಎಷ್ಟೋ ಬಾರಿ ಭಾಷೆಯ ಪರೀಕ್ಷಾ ಕಡತದೊಳಗೇ ಸೇರಿಕೊಳ್ಳುತ್ತದೆ, ಅಲ್ಲಿಂದ ಮುಂದೆ ಪ್ರತಿ ಬದಲಾವಣೆಯೂ ಅದನ್ನು ದಾಟಿಯೇ ಹೋಗಬೇಕಾಗುತ್ತದೆ.